ಹಾಯಿಗೆ ಹದಿನಾಲ್ಕು ಕಾಜಾ

ಟೈಲರನ ಹೆಂಡತಿ ದೋಣಿ ಹತ್ತದೆ ಮೂರು ವರ್ಷವಾಗಿತ್ತು. ಅದು ತನ್ನ ತಪ್ಪಲ್ಲ, ಎಲ್ಲ ಆ ಹಾಳು ಬೂಮಿನದೇ ತಪ್ಪು ಎಂದು ಟೈಲರ್ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ. ಬೂಮೆಂದರೆ ಹಾಯಿಯ ಕೆಳಗಿನ ಅಡ್ಡಕೋಲು. ಗಾಳಿ ಜೋರಾದಾಗ ಹಾಯಿಯನ್ನು ಚಿಕ್ಕದು ಮಾಡಬೇಕಲ್ಲ, ಆಗ ಹಿಡಿಕೆ ತಿರುಗಿಸಿದರೆ ಈ ಹಳೇ ಬೂಮು ಗಿರಗಿರನೆ ಉರುಳಿ ಹಾಯಿಯನ್ನು ಚಾಪೆಯಂತೆ ಸುತ್ತಿಕೊಳ್ಳುತ್ತಿತ್ತು. ಮೂರು ವರ್ಷದ ಹಿಂದೆ ಹಾಯಿಯ ಜೊತೆಗೆ ಹೆಂಡತಿಯ ಶಾಲನ್ನೂ ಸುತ್ತಿಕೊಂಡಿತು. ಶಾಲು ಅವಳ ಕುತ್ತಿಗೆಯಲ್ಲಿತ್ತು. ಅವಳು ಬೂಮಿಗೆ ಕೆನ್ನೆ ಒತ್ತಿಕೊಂಡು ಕೂಗುತ್ತಿದ್ದರೆ, ಈ ಮಹಾರಾಯ ಹಿಡಿಕೆಯಿಂದ ಕಣ್ಣು ಕೀಳದೆ "ಇನ್ನೊಂದೇ ಸುತ್ತು, ಇನ್ನೊಂದೇ ಸುತ್ತು" ಎನ್ನುತ್ತಿದ್ದ.

ದಡಕ್ಕೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು. "ಆ ಕೋಲು ತಿರುಗೋದು ನಿಲ್ಲೋವರೆಗೂ ನಾನು ದೋಣಿ ಹತ್ತಲ್ಲ."

ಒಬ್ಬನೇ ಹೋಗಿ ಬಂದು ಟೈಲರನಿಗೆ ಸಾಕುಸಾಕಾಯಿತು. ಅವಳಿಲ್ಲದೆ ನೀರೂ ಬೇಜಾರು, ಗಾಳಿಯೂ ಬೇಜಾರು. ಕೊನೆಗೆ ಹಾಯಿ ಸುತ್ತುವುದನ್ನು ಬಿಟ್ಟು ಮಡಿಸುವ ಏರ್ಪಾಡು ಮಾಡುವುದೆಂದು ತೀರ್ಮಾನಿಸಿದ. ಅದೇನು ಬ್ರಹ್ಮವಿದ್ಯೆಯಲ್ಲ. ಬೂಮು ತಿರುಗದಂತೆ ಬಿಗಿದುಬಿಡುವುದು. ಗಾಳಿ ಬಂದರೆ ಹಾಯಿಯನ್ನು ಎರಡು ಮೊಳ ಇಳಿಸಿ, ಹಾಯಿಯಂಚಿನ ಮುಂದಿನ ಬಳೆಯನ್ನು ಬೂಮಿನ ಕೊಕ್ಕೆಗೆ ಸಿಕ್ಕಿಸಿ, ಹಿಂದಿನದನ್ನು ಹಗ್ಗದಲ್ಲಿ ಎಳೆದು, ನಡುವೆ ಜೋಲುವ ಬಟ್ಟೆಯನ್ನು ಹುರಿಯಿಂದ ಕಟ್ಟುವುದು. ಲೋಕವೆಲ್ಲ ಮಾಡುವುದು ಹಾಗೆ.

ಆದರೆ ಇಲ್ಲಿ ಕೆಲಸಕ್ಕೆ ಕೈಹಾಕಿದ್ದು ಲೋಕವಲ್ಲ, ಟೈಲರ್ ಮತ್ತು ಅವನ ಹೆಂಡತಿಯ ತಮ್ಮ. ತಮ್ಮ ಬೀಗ ರಿಪೇರಿಯವನು. ಒಂದು ಬೋಲ್ಟು ಸಾಕಾಗುವ ಕಡೆ ಏಳು ಲಿವರಿನ ಬೀಗ ಕೂರಿಸಿದ.

"ಬೋಲ್ಟಾದ್ರೆ ಯಾರು ಬೇಕಾದ್ರೂ ಬಿಚ್ತಾರೆ ಭಾವ."

"ನಡುನೀರಲ್ಲಿ ಯಾವನು ಬಂದು ಬಿಚ್ತಾನೆ?"

"ನೀವೇ ಇದ್ದೀರಲ್ಲ," ಎಂದವನು ಬೀಗದ ಕೈಯನ್ನು ಅಕ್ಕನಿಗೆ ಕೊಟ್ಟು ಬಂದ.

ಇನ್ನು ಟೈಲರನ ಕಥೆ. ಹುರಿ ಕಟ್ಟುವುದೆಂದರೆ ಅವನಿಗೆ ಮೈಯೆಲ್ಲ ಉರಿ. ಯಾವ ಮರ್ಯಾದಸ್ಥ ಬಟ್ಟೆ ಗಂಟು ಹಾಕಿಕೊಂಡು ನಾಲ್ಕು ಜನರ ಮುಂದೆ ನಿಲ್ಲುತ್ತದೆ? ಹಾಯಿಗೆ ಗುಂಡಿ ಇಡುವುದೆಂದು ನಿರ್ಧರಿಸಿದ. ಓವರ್‌ಕೋಟಿನ ಗುಂಡಿ, ಹದಿನಾಲ್ಕು. ಗುಂಡಿ ಅಂದಮೇಲೆ ಅದನ್ನು ತೂರಿಸುವ ಕಾಜಾ ಬೇಕು, ಅಂಗಡಿಯಲ್ಲಿ ಕಾಜಾ ಹೊಲಿಯುವವಳು ಹೆಂಡತಿ. ದೋಣಿಗೆ ಅಂದರೆ ಸೂಜಿಯನ್ನೂ ಮುಟ್ಟುವುದಿಲ್ಲ ಎಂದು ಹೆದರಿ, ಉದ್ದನೆಯ ಪಟ್ಟಿಯೊಂದನ್ನು ಅವಳ ಮುಂದಿಟ್ಟು "ನಾಟಕದ ಪರದೆಗೆ" ಎಂದುಬಿಟ್ಟ. ಅವಳು ಎರಡು ದಿನ ಕೂತು ಹೊಲಿದುಕೊಟ್ಟಳು. ಅವನು ಆ ಪಟ್ಟಿಯನ್ನು ಹಾಯಿಗೆ ಜೋಡಿಸಿದ.

ಭಾನುವಾರ ಅವಳು ದಡಕ್ಕೆ ಬಂದಳು. ಬೂಮನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದಳು. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮಾತಿಗೆ ತಪ್ಪುವ ಹೆಂಗಸಲ್ಲ, ದೋಣಿ ಹತ್ತಿದಳು. ಹಿಂದೆಯೇ ತಮ್ಮನೂ ಹತ್ತಿದ. ಟೈಲರನಿಗೆ ಹಿಗ್ಗೋ ಹಿಗ್ಗು.

ಅರ್ಧ ಗಂಟೆಯಲ್ಲಿ ಗಾಳಿ ಎದ್ದಿತು. ಟೈಲರ್ ಹಾಯಿ ಇಳಿಸಿದ, ಕೊಕ್ಕೆ ಸಿಕ್ಕಿಸಿದ, ಹಗ್ಗ ಎಳೆದ. "ಸ್ವಲ್ಪ ಗುಂಡಿ ಹಾಕ್ತೀಯಾ?" ಎಂದ.

ಎರಡು ಗುಂಡಿ ಹಾಕಿದವಳು ಮೂರನೆಯದರ ಹತ್ತಿರ ನಿಂತಳು. ಕಾಜಾದ ಅಂಚನ್ನು ಹೆಬ್ಬೆರಳಿನಿಂದ ಸವರಿದಳು.

"ಇದು ನಾಟಕದ ಪರದೆ ಅಲ್ವಾ?"

ಟೈಲರ್ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡ. "ದೋಣಿಗೆ ಅಂದಿದ್ರೆ ನೀನು ಹೊಲೀತಿರಲಿಲ್ಲ."

"ಕೇಳಿದ್ರಾ? ಹತ್ತಲ್ಲ ಅಂದಿದ್ದೆ, ಹೊಲಿಯಲ್ಲ ಅಂದಿರಲಿಲ್ಲ. ಪರದೆ ಅಂತ ಒಂದೆಳೆ ದಾರ ಹಾಕಿದೀನಿ."

ಅವಳು ಬಾಯಿ ಮುಚ್ಚುವುದರೊಳಗೆ ಮೊದಲ ಕಾಜಾ ಪರ್ರನೆ ಕಿತ್ತುಹೋಯಿತು, ಅದರ ಹಿಂದೆ ಎರಡನೆಯದು. ಹಿಂದಿನ ಹಗ್ಗವೂ ಸಡಿಲವಾಗಿ ಇಡೀ ಹಾಯಿ ಮೂವರ ತಲೆಯ ಮೇಲೆ ಬಿತ್ತು. ಹೆಂಡತಿ ಅದನ್ನು ಸರಿಸಿ ಕೂತಳು. ತಮ್ಮ ಹುಟ್ಟು ಹಾಕಿ ದಡ ಮುಟ್ಟಿಸಿ, ಇಲ್ಲಿ ತನಗೇನೂ ಕೆಲಸವಿಲ್ಲ ಎಂದು ಮನೆಗೆ ಹೋದ.

"ಇನ್ನು ಹತ್ತಲ್ಲ ಅಲ್ವಾ?" ಎಂದು ಟೈಲರ್ ಕೇಳಿದ.

"ಮೂರು ವರ್ಷ ಕೋಲನ್ನ ಬೈದ್ರಿ, ಆಮೇಲೆ ಅದಕ್ಕೆ ಬೀಗ ಹಾಕಿದ್ರಿ," ಎಂದಳು. "ಅವತ್ತು ನಂಗೆ ಏನಾಯ್ತು ಅಂತ ಒಂದ್ಸಲ ಕೇಳಿದ್ರಾ?"

ಊರಿನವರ ಕುತ್ತಿಗೆಯನ್ನೆಲ್ಲ ಅಳೆದವನು ಅವನು. ಬಟ್ಟೆ ಬಿಗಿಯಾಯಿತಾ ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದ. ನಾಚಿಕೆಯಿಂದ ಅವನ ತಲೆ ತಗ್ಗಿತು.

"ನೋವಾಯ್ತಾ?"

"ತುಂಬಾ. ಎಂಟು ದಿನ ಕತ್ತು ತಿರುಗಿಸೋಕೆ ಆಗ್ತಿರಲಿಲ್ಲ. ಅಂಗಡೀಲಿ ನಿಮ್ಮ ಪಕ್ಕದಲ್ಲೇ ಕೂತಿದ್ದೆ."

ಟೈಲರನಿಗೆ ಅಳು ಬಂತು. ತಡೆದುಕೊಳ್ಳಲು ಹೋಗಲಿಲ್ಲ, ಮಡಿಲಲ್ಲಿದ್ದ ಹಾಯಿಗೆ ಮುಖ ಒತ್ತಿಕೊಂಡು ಅತ್ತ.

ಅವಳು ಹಾಯಿಯನ್ನು ತನ್ನ ಕಡೆ ಎಳೆದುಕೊಂಡಳು.

"ಅದರ ಮೇಲೆ ಅಳಬೇಡಿ. ಬರೋ ಭಾನುವಾರದೊಳಗೆ ಹೊಲಿದು ಮುಗಿಸಬೇಕು."