ಖಾಲಿ ಜಾಗಕ್ಕೊಂದು ಗೆರೆ

ಚೆನ್ನರಾಯಪ್ಪನ ಚಟ್ಟವನ್ನು ಹಾಲಿನ ಡೈರಿಯ ಮುಂದೆ ಇಳಿಸಿದಾಗ ಚಿಕ್ಕವೆಂಕಟಮ್ಮನ ಕೈಯಲ್ಲಿ ಇನ್ನೂ ಖಾಲಿ ಕ್ಯಾನಿತ್ತು. ಊರಲ್ಲಿ ಯಾರು ಸತ್ತರೂ ಹಸು ಕೇಳುವುದಿಲ್ಲ. ಬೆಳಗಿನ ಹಾಲು ಹಾಕಿಯೇ ಹೆಣದ ಹಿಂದೆ ಹೋಗಬೇಕು. ಸಂಘದ ಸದಸ್ಯರು ಸತ್ತರೆ ಚಟ್ಟ ಡೈರಿಯ ಮುಂದೆ ಐದು ನಿಮಿಷ ನಿಲ್ಲುವುದೂ ಸಾದಲಿ ಪಕ್ಕದ ಈ ಊರಿನ ರೂಢಿ.

ಹುಣಸೆಮರದ ಕೆಳಗೆ ಬಿಳಿ ಕಾರೊಂದು ನಿಂತಿತ್ತು. ಖಾಸಗಿ ಹಾಲಿನ ಕಂಪನಿಯವರದು. ರಸ್ತೆಬದಿಯ ಈ ಡೈರಿಯ ಕಟ್ಟಡ, ಜಾಗ ಎರಡೂ ಬೇಕೆಂದು ಎರಡು ವರ್ಷದಿಂದ ಸುತ್ತುತ್ತಿದ್ದರು. ಪ್ರತಿ ಮಹಾಸಭೆಯಲ್ಲೂ ಮೊದಲು ಎದ್ದು ನಿಂತು ‘ಕೊಡಲ್ಲ’ ಎಂದವನು ಇವತ್ತು ಮಲಗಿದ್ದ.

ಕಾರ್ಯದರ್ಶಿ ಮಧುಸೂದನ್ ಠರಾವು ಪುಸ್ತಕ ತಂದ.

“ಸಂತಾಪದ ಠರಾವು ಬರ್ದಿದೀನಿ. ಎಲ್ರೂ ಸೈನ್ ಹಾಕ್ಬುಡಿ. ಹಿರೀರಿಗೆ ಮರ್ಯಾದೆ.”

ಪುಸ್ತಕ ಕೈಯಿಂದ ಕೈಗೆ ಬಂತು. ಮೇಲೆ ನಾಲ್ಕು ಸಾಲು ಬರಹ, ಕೆಳಗೆ ಸಹಿಗಳು. ನಡುವೆ ಅರ್ಧ ಪುಟ ಬಿಳಿ.

*

ಹದಿನೈದು ವರ್ಷದ ಹಿಂದೆ ಡೈರಿಯ ಹಿಂದಿನ ಸೈಟು ಹೋದದ್ದೂ ಹೀಗೆಯೇ. ಹಸುಗಳಿಗೆ ಔಷಧಿ ತರಿಸುವ ಠರಾವೆಂದು ಎಲ್ಲರೂ ಸಹಿ ಹಾಕಿದ್ದರು. ಸಹಿಯ ಮೇಲೆ ಉಳಿದ ಜಾಗದಲ್ಲಿ ಆಗಿನ ಅಧ್ಯಕ್ಷ ಆ ಸೈಟನ್ನು ತನ್ನ ಬಾಮೈದನಿಗೆ ಕೊಟ್ಟಂತೆ ಬರೆದುಕೊಂಡ. ಅಲ್ಲಿಂದಾಚೆ, ಓದು ಬಾರದ ಚೆನ್ನರಾಯಪ್ಪ ಪ್ರತಿ ಸಭೆಗೂ ಮರದ ಸ್ಕೇಲೊಂದನ್ನು ಕಂಕುಳಲ್ಲಿಟ್ಟುಕೊಂಡು ಬರತೊಡಗಿದ. ಖಾಲಿ ಉಳಿದಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದ ಮೇಲೆಯೇ ಹೆಬ್ಬೆಟ್ಟು.

“ನಂಬ್ಕೆ ಇಲ್ವೇನಣ್ಣ?” ಎಂದು ಮಧು ರೇಗಿಸುತ್ತಿದ್ದ.

“ನಿನ್ ಮೇಲೈತೆ ಕಣಪ್ಪ. ಖಾಲಿ ಜಾಗದ್ ಮೇಲಿಲ್ಲ.”

ಊರವರು ಅವನಿಗೆ ಗೆರೆ ಚೆನ್ನರಾಯ ಎಂದು ಹೆಸರಿಟ್ಟರು. ಚಿಕ್ಕವೆಂಕಟಮ್ಮನೂ ನಕ್ಕಿದ್ದಳು.

*

“ಮಧು, ಗೆರೆ ಎಳ್ದಿಲ್ವಲ್ಲಪ್ಪ?” ಪುಸ್ತಕ ತನ್ನ ಕೈಗೆ ಬಂದಾಗ ಚಿಕ್ಕವೆಂಕಟಮ್ಮ ಕೇಳಿದಳು.

“ಹೆಣ ಮುಂದಿಟ್ಕೊಂಡು ಎಂಥಾ ಮಾತಮ್ಮ ಇದು?” ಮಧು ಮೆಲ್ಲಗೆ ಹೇಳಿದ. ಅವನು ನೋಡುತ್ತಿದ್ದುದು ಕಾರಿನ ಕಡೆಗೆ.

ಚಟ್ಟ ಹೊತ್ತು ತಂದಿದ್ದ ಚಲಪತಿ, “ಬಿಸ್ಲು ಏರ್ತೈತೆ, ಒತ್ತಕ್ಕಾ,” ಎಂದ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಾಚಿಕೆಯಾಯಿತು. ಹೆಬ್ಬೆಟ್ಟು ಒತ್ತಿದಳು.

ಸ್ಮಶಾನದಲ್ಲಿ ಹೆಣವನ್ನು ಗುಂಡಿಗೆ ಇಳಿಸಿದ ಮೇಲೆ ಚೆನ್ನರಾಯಪ್ಪನ ಹೆಂಡತಿ ಗಂಗುಲಮ್ಮ ಅವನ ಎಲೆಅಡಿಕೆ ಚೀಲವನ್ನು ಒಳಗಿಡಿಸಿದಳು. ಆಮೇಲೆ ಸೆರಗಿನಿಂದ ಸ್ಕೇಲು ತೆಗೆದಳು.

“ಇದೂ ಜತೇಲೇ ಹೋಗ್ಲಿ. ಮನೇಲಿ ಇನ್ಯಾರಿಗ್ ಬೇಕು?”

ನನಗೆ ಕೊಡು ಎಂಬ ಮಾತು ಚಿಕ್ಕವೆಂಕಟಮ್ಮನ ಬಾಯಿಗೆ ಬಂತು. ಸತ್ತವನಿಗೆ ಇಟ್ಟದ್ದನ್ನು ಕೇಳುವುದುಂಟೆ? ಸುತ್ತ ಕಣ್ಣಾಡಿಸಿದಳು.

“ಮಧು ಎಲ್ಲೋ, ಚಲಪತಿ?”

“ಡೈರೀಲೇ ಅವ್ನೆ. ನಾವು ಚಟ್ಟ ಎತ್ತೋವಾಗ್ಲೇ ಒಳಗಿಂದ ಚಿಲ್ಕ ಹಾಕ್ಕಂಡ. ಆ ಕಾರ್‌ನೋರೂ ಒಳಗೇ ಅವ್ರೆ.”

ಅವಳು ಡೈರಿಯ ದಿಕ್ಕಿಗೆ ತಿರುಗಿದಳು. “ಮಣ್ಣು ಹಾಕಮ್ಮ,” ಎಂದರು ಯಾರೋ. ಮೂರನೆಯ ಹಿಡಿ ಹಾಕಿ ಕೈ ನೋಡಿಕೊಂಡಳು. ಹೆಬ್ಬೆಟ್ಟಿನ ಶಾಯಿಗೆ ಮಣ್ಣು ಮೆತ್ತಿತ್ತು. ಕೆಳಗೆ ಸ್ಕೇಲಿನ ಒಂದು ತುದಿ ಇನ್ನೂ ಕಾಣುತ್ತಿತ್ತು. ಚಲಪತಿ ಗುದ್ದಲಿಯಿಂದ ಅದರ ಮೇಲೆ ಮಣ್ಣೆಳೆದ.