ಹದಿನೆಂಟು ಕಿಲೋ

“ಅಲ್ಲಾ, ಇದರಲ್ಲಿ ನಾನೆಲ್ಲಿ ಕೂತ್ಕೊಳ್ಳೋದು?”

ಗ್ರಿಮ್ಸ್‌ಬಿಯಿಂದ ಮಾರಾಟಕ್ಕಿಟ್ಟ ಕಾರು ನೋಡಲು ಬಂದಿದ್ದ ರಿಕ್‌ನ ಹೆಂಡತಿ ಡಾನ್ ಕೇಳಿದ ಪ್ರಶ್ನೆ ಅದು. ಜಗಳಕ್ಕೆಂದು ಕೇಳಿದ್ದಲ್ಲ. ಜಾಕೆಟ್ಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು, ಅಂಗಡಿಯಲ್ಲಿ ಉಪ್ಪು ಯಾವ ಸಾಲಿನಲ್ಲಿದೆ ಎಂದು ವಿಚಾರಿಸುವಷ್ಟು ಸಹಜವಾಗಿ ಕೇಳಿದಳು. ಆದರೆ ಅದೇ ಹೊತ್ತಿಗೆ ಚಹಾದ ಟ್ರೇ ಹಿಡಿದು ಗ್ಯಾರೇಜಿನ ಬಾಗಿಲಿಗೆ ಬಂದಿದ್ದ ಮನೆಯೊಡತಿ ಪೌಲೀನ್ ಅಲ್ಲೇ ನಿಂತುಬಿಟ್ಟಳು. ಆರು ವರ್ಷದ ಹಿಂದೆ ತಾನು ಕೇಳಬೇಕಾಗಿದ್ದ ಮಾತು. ಅಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದಳು, ನುಂಗಿದ್ದು ಅರಗಿರಲಿಲ್ಲ. ಈಗ ಯಾರೋ ದಾರಿಹೋಕ ಹುಡುಗಿ ಬಂದು ಅದನ್ನೇ ಎಷ್ಟು ಸಲೀಸಾಗಿ ಕೇಳಿಬಿಟ್ಟಳಲ್ಲ ಎಂದು ಅವಳಿಗೆ ಮೊದಲು ಬಂದದ್ದು ತನ್ನ ಮೇಲೆಯೇ ಸಿಟ್ಟು.

ಕಾರು ಗ್ಯಾರೇಜಿನ ನಡುವೆ ತೊಳೆದು ಒರೆಸಿಕೊಂಡು ನಿಂತಿತ್ತು. ಕಾರು ಎನ್ನುವುದಕ್ಕಿಂತ ಕಾರಿನ ಎಲುಬುಗೂಡು ಎನ್ನಬೇಕು. ಬಾಗಿಲಿಲ್ಲ, ಮೇಲೆ ಮುಚ್ಚಿಗೆಯಿಲ್ಲ, ಸೊಂಟದ ಎತ್ತರಕ್ಕೂ ಬಾರದ ಮೈ, ಮುಂದಕ್ಕೆ ಚಾಚಿದ ಹಳದಿ ಮೂತಿ, ಸೈಕಲ್ಲಿಗೆ ಇರುವಂಥ ಮಡ್‌ಗಾರ್ಡು. ಒಳಗೆ ಇಳಿಯಬೇಕಾದರೆ ಬೇಲಿ ದಾಟುವವರ ಹಾಗೆ ಕಾಲೆತ್ತಬೇಕು. ಇಂಥ ಕಾರನ್ನು ಯಾರೂ ಸಿದ್ಧ ಮಾಡಿ ಮಾರುವುದಿಲ್ಲ. ಕೊಳವೆ, ತಗಡು, ನಟ್ಟು, ಬೋಲ್ಟು ಎಲ್ಲ ಡಬ್ಬಿಗಳಲ್ಲಿ ಬರುತ್ತವೆ, ಎಂಜಿನ್ನನ್ನು ಗುಜರಿಗೆ ಹೋದ ಯಾವುದೋ ಕಾರಿನಿಂದ ಎತ್ತಿಕೊಂಡು ಬರಬೇಕು, ಮಿಕ್ಕದ್ದೆಲ್ಲ ಮನೆಯವರ ರಟ್ಟೆ ಮತ್ತು ತಾಳ್ಮೆ. ಡೆಸ್ ಮತ್ತು ಪೌಲೀನ್ ಗಂಡ ಹೆಂಡತಿ ಸೇರಿ ಇದನ್ನು ನಾಲ್ಕು ಚಳಿಗಾಲ ಕಟ್ಟಿದ್ದರು. ಗ್ಯಾರೇಜಿನಲ್ಲಿ ಜಾಗ ಸಾಲದೆ ಬಟ್ಟೆ ಒಗೆಯುವ ಮೆಷಿನ್ನು ಆ ನಾಲ್ಕು ಚಳಿಗಾಲವೂ ಹಿತ್ತಿಲಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿತ್ತು.

ಈಗ ಅದರಲ್ಲಿ ಇದ್ದದ್ದು ಒಂದೇ ಸೀಟು, ಸ್ಟಿಯರಿಂಗಿನ ಹಿಂದಿನದು. ಎಡಗಡೆ ಇನ್ನೊಬ್ಬರು ಕೂರಬೇಕಾದಲ್ಲಿ ಅಲ್ಯುಮಿನಿಯಂ ತಗಡು ಮುಚ್ಚಿ ಸುತ್ತಲೂ ರಿವೆಟ್ ಮೊಳೆ ಹೊಡೆದಿತ್ತು, ಪಾಳುಬಾವಿಯ ಬಾಯಿ ಮುಚ್ಚಿದ ಹಾಗೆ.

ಡೆಸ್ ಹುರುಪಿನಿಂದ ವಿವರಿಸತೊಡಗಿದ. ಗುಡ್ಡ ಏರುವ ಪಂದ್ಯದಲ್ಲಿ ಒಂದೊಂದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ, ಸೀಟು, ಅದರ ಕಬ್ಬಿಣದ ಚೌಕಟ್ಟು, ಬೆಲ್ಟು ಎಲ್ಲ ಸೇರಿ ಹದಿನೆಂಟು ಕಿಲೋ, ಅದನ್ನು ಕಿತ್ತು ಹಾಕಿದ ಮೇಲೆ ಕಾರು ಜಿಂಕೆಯಂತಾಯಿತು ಎಂದ. ರಿಕ್ ಮೀನಿನ ಕಾರ್ಖಾನೆಯಲ್ಲಿ ಶೀತಲ ಕೋಣೆ ನೋಡಿಕೊಳ್ಳುವವನು, ದೊಡ್ಡ ಆಳು, ಕಣ್ಣಲ್ಲೇ ಕಾರನ್ನು ಆಗಲೇ ಕೊಂಡುಕೊಂಡಿದ್ದ. ಹೂಂ ಹೂಂ ಎನ್ನುತ್ತಿದ್ದ. ಕೇಳುವವನು ಸಿಕ್ಕಿದನೆಂದು ಡೆಸ್ ತನ್ನ ಹಳೆಯ ಮಾತನ್ನು ಮತ್ತೆ ಹೊರಗೆ ತೆಗೆದ.

“ಕಾರು ಹಗುರ ಮಾಡೋಕೆ ಜನ ಏನೇನೋ ದುಬಾರಿ ಸಾಮಾನು ಹಾಕ್ಸ್ತಾರೆ. ನಾನು ಹೇಳೋದು, ಅದೆಲ್ಲಾ ಯಾಕೆ, ಹೆಂಡ್ತೀನ ಮನೇಲಿ ಬಿಟ್ಟು ಬಂದ್ರೆ ಸಾಕು.”

ರಿಕ್ ನಕ್ಕ. ಡಾನ್ ನಗಲಿಲ್ಲ.

ಆ ಮಾತು ಮೊದಲು ಹುಟ್ಟಿದ್ದು ಕಾರು ಪಂದ್ಯದ ಕ್ಲಬ್ಬಿನ ವಾರ್ಷಿಕ ಊಟದಲ್ಲಿ. ಸೀಟು ಕಿತ್ತ ವರ್ಷ. ಯಾರೋ ಡೆಸ್‌ನ ಕೈಗೆ ಮೈಕು ಕೊಟ್ಟು, ಈ ಸಲ ಏನಪ್ಪಾ ಹೊಸದು ಮಾಡಿದೆ ಎಂದರು. ಅವನು ಇದನ್ನೇ ಹೇಳಿದ. ಇಡೀ ಹಾಲ್ ಗೊಳ್ಳೆಂದಿತು. ಪೌಲೀನಳೂ ನಕ್ಕಿದ್ದಳು, ತಟ್ಟೆಯಲ್ಲಿದ್ದ ಬೇಯಿಸಿದ ಆಲೂಗಡ್ಡೆಯನ್ನು ಚಮಚದಿಂದ ಜಜ್ಜುತ್ತ, ಕೆನ್ನೆ ನೋಯುವಷ್ಟು. ಅದಕ್ಕೆ ಮುಂಚೆ ಪ್ರತಿ ಪಂದ್ಯಕ್ಕೂ ಇಬ್ಬರೂ ಆ ಕಾರಿನಲ್ಲೇ ಹೋಗುತ್ತಿದ್ದರು. ಮೊಣಕಾಲ ಮೇಲೆ ಬಟ್ಟೆಯಲ್ಲಿ ಸುತ್ತಿದ, ಒಣಹಣ್ಣು ಹಾಕಿದ ಪ್ಲಮ್ ಬ್ರೆಡ್ಡು, ಮುಖಕ್ಕೆ ರಾಚುವ ಮಳೆ, ಗಾಳಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಬರೀ ಕೈಸನ್ನೆ. ಸೀಟು ಹೋದ ಮೇಲೆ ಅವಳ ಪಾಲಿಗೆ ಉಳಿದದ್ದು ಅವನ ಎಣ್ಣೆಮೆತ್ತಿದ ಬಟ್ಟೆ ಒಗೆಯುವ ಕೆಲಸ.

“ಯೋಚನೆ ಬೇಡ ಕಣಮ್ಮ,” ಡೆಸ್ ಡಾನ್ ಕಡೆ ತಿರುಗಿದ. “ಆ ಸೀಟು ಎಲ್ಲೂ ಹೋಗಿಲ್ಲ, ಮನೇಲೇ ಇದೆ. ಅರ್ಧ ಗಂಟೆ ಕೆಲಸ, ಕೂರಿಸಿ ಕೊಡ್ತೀನಿ.”

“ಹಾಗಾದ್ರೆ ಸರಿ,” ಎಂದ ರಿಕ್. “ಅವಳಿಗೆ ಸೀಟಿಲ್ಲ ಅಂದ್ರೆ ನನಗೆ ಮನೇಲಿ ಜಾಗ ಇರಲ್ಲ.”

ಪೌಲೀನ್ ಟ್ರೇಯನ್ನು ಕೆಲಸದ ಮೇಜಿನ ಮೇಲೆ ಇಟ್ಟಳು.

“ಸೀಟು ಮಾರಾಟಕ್ಕಿಲ್ಲ,” ಎಂದಳು.

ಡೆಸ್ ಅವಳನ್ನು ಮೊಣಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದ. ಅವನ ಅವಸರ ಅವಳಿಗೆ ಗೊತ್ತಿಲ್ಲದ್ದಲ್ಲ. ಡರ್ಬಿ ಎಂಬ ಊರಿನಲ್ಲಿ ಒಂದು ನಿಜವಾದ ಪಂದ್ಯದ ಕಾರು ನೋಡಿಟ್ಟಿದ್ದ, ಸೋಮವಾರದೊಳಗೆ ಬರದಿದ್ದರೆ ಬೇರೆಯವರಿಗೆ ಎಂದು ಅದರ ಯಜಮಾನ ಹೇಳಿದ್ದ. ಇವತ್ತು ಇದು ಹೋದರೆ ಮಾತ್ರ ಅದು ಬರುವುದು.

“ಏನೇ ಶುರು ಮಾಡಿದೀಯ ಜನರ ಮುಂದೆ?”

“ಜನರ ಮುಂದೆ ಶುರು ಮಾಡಿದ್ದು ನೀನು. ಮೈಕ್ ಹಿಡ್ಕೊಂಡು.”

ಅವನಿಗೆ ಯಾವ ಮೈಕು ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಸ್ವಲ್ಪ ಹೊತ್ತೇ ಅವಳನ್ನು ಇನ್ನಷ್ಟು ಉರಿಸಿತು.

“ಅಯ್ಯೋ, ಅದು ತಮಾಷೆ. ನೀನೂ ನಗ್ತಿದ್ದೆಯಲ್ಲ.”

“ಹೂಂ, ನಗ್ತಿದ್ದೆ. ಅಲ್ಲಿ ಅಳೋಕೆ ಟೇಬಲ್ ಹಾಕಿರ್ಲಿಲ್ಲ. ಹದಿನೆಂಟು ಕಿಲೋ ಇಳಿಸಿದ್ಯಲ್ಲ ಡೆಸ್, ಆ ವರ್ಷ ಎಷ್ಟನೆಯವನಾದೆ?”

ಅವನು ಕಿಟಕಿಯಾಚೆ ನೋಡಿದಾಗ ಉತ್ತರವನ್ನೂ ಅವಳೇ ಕೊಟ್ಟಳು.

“ನಾಲ್ಕನೆಯವನು. ಸೀಟು ಇದ್ದಾಗ? ಆಗ್ಲೂ ನಾಲ್ಕನೆಯವನೇ. ಆ ಹದಿನೆಂಟು ಕಿಲೋ ಕಾರಿಂದ ಇಳಿದು ಎಲ್ಲಿಗೆ ಹೋಯ್ತು ಅಂತ ನಿನ್ನ ಬೆಲ್ಟನ್ನ ಕೇಳು.”

ಡೆಸ್ ತನಗೇ ಗೊತ್ತಿಲ್ಲದೆ ಹೊಟ್ಟೆ ಒಳಗೆಳೆದುಕೊಂಡ. ಆಮೇಲೆ ದನಿ ತಗ್ಗಿಸಿ, ಒಂದು ಹಳೇ ಸೀಟು ನಿನಗೆ ಯಾತಕ್ಕೆ ಬೇಕು, ಟೊಮೇಟೊ ಗಿಡದ ಮಧ್ಯೆ ಇಟ್ಕೊಂಡು ಏನು ಪೂಜೆ ಮಾಡ್ತೀಯಾ, ನಾನೇ ಹೋಗಿ ತರ್ತೀನಿ ಎಂದ. ಅವನು ಬೂಟು ಹಾಕಿಕೊಳ್ಳುವಷ್ಟರಲ್ಲಿ ಪೌಲೀನ್ ಹಿಂಬಾಗಿಲಿನಿಂದ ಹೊರಟು, ಟೊಮೇಟೊ ಬೆಳೆಸುವ ಹಿತ್ತಿಲ ಗಾಜಿನ ಮನೆಗೆ ಹೋಗಿ, ತನ್ನ ಸೀಟಿನಲ್ಲಿ ಕೂತು ಬಿಟ್ಟಿದ್ದಳು.

ಕಿತ್ತ ದಿನ ಅವನು ಅದನ್ನು ಗ್ಯಾರೇಜಿನ ಮೂಲೆಗೆ ಎಸೆದಿದ್ದ. ಅವಳು ಎತ್ತಿಕೊಂಡು ಬಂದು, ನಾಲ್ಕು ಇಟ್ಟಿಗೆಗಳ ಮೇಲೆ ಕೂರಿಸಿದ್ದಳು. ಸಂಜೆ ಗಿಡಗಳಿಗೆ ನೀರು ಹಾಕಿದ ಮೇಲೆ ಅದರಲ್ಲೇ ಕೂರುವುದು. ಯಾಕೆಂದರೆ ಭೂಮಿಯ ಮೇಲೆ ಅವಳ ಬೆನ್ನಿಗೆ ಅದರಷ್ಟು ಸರಿಯಾಗಿ ಹೊಂದುವ ಕುರ್ಚಿ ಇನ್ನೊಂದಿರಲಿಲ್ಲ. ಇಂಥ ಕಾರಿನ ಸೀಟನ್ನು ಕೂರುವವರ ಮೈಗೇ ಎರಕ ಹುಯ್ಯುತ್ತಾರೆ. ಎರಡು ದ್ರವ ಬೆರೆಸಿ ಕಸದ ಚೀಲಕ್ಕೆ ಸುರಿದು ಬೆನ್ನ ಹಿಂದೆ ಇಟ್ಟರೆ ಅದು ನೊರೆಯಾಗಿ ಉಬ್ಬುತ್ತ, ಬಿಸಿಯಾಗುತ್ತ, ಬೆನ್ನು ಸೊಂಟ ತೊಡೆಗಳ ಅಚ್ಚು ಹಿಡಿದು ಗಟ್ಟಿಯಾಗುತ್ತದೆ. ಅಷ್ಟು ಹೊತ್ತೂ ಅಲುಗಾಡಬಾರದು, ನಗಬಾರದು. ಅವತ್ತು ಡೆಸ್ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವಳ ಬಾಯಿಗೆ ಬಿಸ್ಕತ್ತು ಇಡುತ್ತ, ಸಿಮೆಂಟಿನ ಗೊಂಬೆ ಹಾಗಿದೀಯ, ಹೀಗೇ ಇರು ಎಂದಿದ್ದ. ಆಮೇಲೆ ಅವಳೇ ಅದಕ್ಕೆ ಕಪ್ಪು ಬಟ್ಟೆ ಹೊಲಿದಳು.

“ಎದ್ದೇಳು ಪೌಲೀನ್,” ಡೆಸ್ ಬಾಗಿಲಲ್ಲಿ ನಿಂತು ಹೇಳಿದ.

“ಎತ್ಕೊಂಡ್ ಹೋಗು. ನಾನೂ ಸೇರಿದ್ರೆ ಹದಿನೆಂಟಲ್ಲ, ಎಂಬತ್ತು.”

ಅವನು ಎತ್ತಲಿಲ್ಲ. ಬೇಡಿದ, ಗದರಿದ, ಸೋಮವಾರದ ಮಾತು ಆಡಿದ, ಮರ್ಯಾದೆಯ ಮಾತು ಆಡಿದ. ಅವಳು ಟೊಮೇಟೊ ಗಿಡದ ಒಣಗಿದ ಎಲೆಗಳನ್ನು ಒಂದೊಂದಾಗಿ ಚಿವುಟುತ್ತ ಕೂತಳು. ಕೊನೆಗೆ ಅವನು ಬಾಗಿಲು ಬಡಿದು ಹೋದ. ಗಾಜಿನ ಮನೆಯ ಬಾಗಿಲಾದ್ದರಿಂದ ಅದನ್ನೂ ಮೆಲ್ಲಗೇ ಬಡಿಯಬೇಕಾಯಿತು.

ಆಮೇಲೆ ಬಂದವಳು ಡಾನ್. ಒಳಗೆ ಬರಬಹುದೋ ಬಾರದೋ ಎಂದು ಹೊಸ್ತಿಲಲ್ಲಿ ನಿಂತಳು.

“ನೋಡಿ, ನಾನು ನಿಮ್ಮ ಸೀಟು ಕೊಡಿ ಅಂತ ಕೇಳಿಲ್ಲ. ಎಲ್ಲಿ ಕೂರೋದು ಅಂತ ಕೇಳ್ದೆ, ಅಷ್ಟೇ.”

“ಗೊತ್ತು ಮಗಾ. ನಿನ್ನ ಮೇಲೆ ನನಗೇನೂ ಇಲ್ಲ.” ಪೌಲೀನ್ ಕೈಯೂರಿ ಎದ್ದಳು. “ಬೇಕಾದ್ರೆ ಕೂತು ನೋಡು. ಆಗಲ್ಲ ನಿನಗೆ.”

ಡಾನ್ ಉದ್ದ ಕಾಲಿನ ಹುಡುಗಿ. ಕೂತಳು, ಆಚೆ ಜರುಗಿದಳು, ಈಚೆ ಜರುಗಿದಳು, ಮುಖ ಕಿವುಚಿದಳು.

“ಯಾರದೋ ತೊಡೆ ಮೇಲೆ ಕೂತ ಹಾಗಿದೆ.”

ಬೆಳಗಿನಿಂದ ಮೊದಲ ಸಲ ಪೌಲೀನಳ ಮೂಗಿನಿಂದ ನಗುವಿನಂಥದ್ದೊಂದು ಹೊರಬಿತ್ತು. ಸೀಟು ಮಾಡಿಕೊಳ್ಳುವುದು ಹೇಗೆಂದು ಡಾನ್ ಕೇಳಿದಳು, ಇವಳು ಹೇಳಿಕೊಟ್ಟಳು. ಕಸದ ಚೀಲ ಎರಡು ಪದರ ಇರಲಿ, ಹಳೇ ಪ್ಯಾಂಟು ಹಾಕಿಕೋ, ಬಿಸಿಯಾಯಿತೆಂದು ಹೆದರಿ ಏಳಬೇಡ, ಮುಖ್ಯವಾಗಿ ನಗಬೇಡ.

“ರಿಕ್ ಎದುರಿಗಿದ್ರೆ ನಗು ಬರಲ್ಲ ಬಿಡಿ,” ಎಂದಳು ಡಾನ್. “ಆದ್ರೆ ಸೀಟು ಮಾಡಿದ್ರೂ ಇಡೋಕೆ ಜಾಗ ಇಲ್ವಲ್ಲ. ತಗಡು ಹೊಡೆದು ಮುಚ್ಚಿಬಿಟ್ಟಿದಾರೆ.”

ಪೌಲೀನ್ ಕೈಯಲ್ಲಿದ್ದ ಒಣ ಎಲೆಗಳನ್ನು ಬಕೆಟ್ಟಿಗೆ ಹಾಕಿ ನೆಟ್ಟಗೆ ಗ್ಯಾರೇಜಿಗೆ ನಡೆದಳು. ಗೋಡೆಯ ಮೊಳೆಯಿಂದ ಡ್ರಿಲ್ಲು ಇಳಿಸಿ, ಪ್ಲಗ್ಗು ಚುಚ್ಚಿ, ಕಾರಿನ ಎಡಗಡೆ ಮೊಣಕಾಲೂರಿದಳು. ಡೆಸ್ ಓಡಿ ಬಂದ. ನೀನು ಬಿಡು, ನಾನು ಬಿಚ್ತೀನಿ, ಪೇಂಟಿಗೆ ಗೀರು ಬೀಳುತ್ತೆ ಎನ್ನುವುದು ಅವನ ಬಾಯಲ್ಲಿತ್ತು. ಅವಳು ಡ್ರಿಲ್ಲಿನ ಗುಂಡಿ ಒತ್ತಿದ್ದರಿಂದ ಯಾರಿಗೂ ಕೇಳಿಸಲಿಲ್ಲ.

ಇವೇ ರಿವೆಟ್‌ಗಳನ್ನು ಅವನು ಹೊಡೆದ ದಿನ ಅವಳು ಅಡುಗೆಮನೆಯಲ್ಲಿ ಒಂದೊಂದು ಸದ್ದನ್ನೂ ಕೇಳುತ್ತ ಕೂತಿದ್ದಳು. ಈಗ ಒಂದೊಂದರ ತಲೆಯೂ ಹಾರಿತು. ಬೆಳ್ಳಿಯ ಬಣ್ಣದ ಪುಡಿ ಅವಳ ತೋಳಿಗೆ, ಕೂದಲಿಗೆ, ಏಪ್ರನ್ನಿಗೆ ಅಂಟಿತು. ಒಂದು ಸಾಲು ಮುಗಿಸಿ ತಲೆಯೆತ್ತಿ, “ಸಾಲೂ ನೆಟ್ಟಗಿಲ್ಲ,” ಎಂದು ಗಂಡನಿಗೆ ಹೇಳಿ ಇನ್ನೊಂದು ಸಾಲಿಗೆ ಕೈ ಹಾಕಿದಳು. ಅವಳ ಸಿಟ್ಟಿಗೆ ಇಷ್ಟು ವರ್ಷಕ್ಕೆ ಒಂದು ಕೆಲಸ ಸಿಕ್ಕಿತ್ತು, ಬಿಡುವ ಹಾಗಿರಲಿಲ್ಲ.

ತಗಡನ್ನು ರಿಕ್ ಎತ್ತಿ ಗೋಡೆಗೆ ಒರಗಿಸಿದ. ಒಳಗೆ ಆರು ವರ್ಷದ ಜೇಡರ ಬಲೆ, ಒಂದು ಪೆಪ್ಪರ್‌ಮಿಂಟಿನ ಕಾಗದ, ಬೆಲ್ಟು ಬಿಗಿಯುವ ಬೋಲ್ಟುಗಳು ಹಾಗೆ ಹಾಗೇ. ಮುಂದೆ ಕಾಲಿಡುವ ಜಾಗದಲ್ಲಿ ಹಾಸಿದ್ದ ಕಾರ್ಪೆಟ್ಟು ಸವೆದು ತೂತಾಗಿತ್ತು. ಅದರ ಕೆಳಗಿನ ತಗಡು, ಬಲಗಾಲಿನ ಅಳತೆಗೆ ಸರಿಯಾಗಿ, ಬಟ್ಟಲಿನ ಹಾಗೆ ತಗ್ಗಾಗಿ ಹೊಳೆಯುತ್ತಿತ್ತು.

“ಇದೇನಿದು,” ಎಂದ ರಿಕ್, “ಈ ಕಡೆಯೂ ಒಂದು ಬ್ರೇಕ್ ಇತ್ತಾ?”

“ಇತ್ತು,” ಎಂದಳು ಪೌಲೀನ್. “ಪೆಡಲ್ ಇರ್ಲಿಲ್ಲ, ಆದ್ರೂ ಪ್ರತಿ ತಿರುವಿನಲ್ಲೂ ಒತ್ತುತ್ತಿದ್ದೆ. ಅವನಿಗೆ ಗೊತ್ತಾಗ್ತಿರ್ಲಿಲ್ಲ.”

ಡೆಸ್ ಬಗ್ಗಿ ಆ ತಗ್ಗನ್ನು ನೋಡಿದ. ತಗಡಿನ ಮೇಲೆ ಒಂದು ಗೀರು ಬಿದ್ದರೂ ಸಿಡಿಮಿಡಿಗೊಳ್ಳುತ್ತಿದ್ದವನು ಇದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ.

ಡಾನ್ ಬೇಲಿ ದಾಟುವ ಹಾಗೆ ಕಾಲೆತ್ತಿ ಒಳಗೆ ಇಳಿದು, ಮಡಚಿದ ಗೋಣಿಚೀಲದ ಮೇಲೆ ಕೂತಳು. ಕಾಲು ಚಾಚಿ ಪಾದವನ್ನು ಆ ತಗ್ಗಿನಲ್ಲಿ ಇಟ್ಟು ನೋಡಿದಳು. ಪೌಲೀನ್ ಮುಖ ತಿರುಗಿಸಲಿಲ್ಲ, ನೋಡುತ್ತಲೇ ಇದ್ದಳು.

“ತಗೋ ರಿಕ್,” ಎಂದಳು ಡಾನ್. “ಇಲ್ಲಿ ಕೂತ್ಕೋತೀನಿ.”

ಕೈ ಕುಲುಕಿದ್ದಾಯಿತು, ತಣ್ಣಗಾದ ಚಹಾ ಕುಡಿದದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಕಾರು ಟ್ರೇಲರ್ ಹತ್ತಿ, ಹಳದಿ ಮೂತಿಯನ್ನು ಹಿಂದಕ್ಕೆ ಮಾಡಿಕೊಂಡು ಬೀದಿಯ ತಿರುವಿನಲ್ಲಿ ಮರೆಯಾಯಿತು. ಅದು ಕಣ್ಮರೆಯಾಗುವ ಮುಂಚೆ ಪೌಲೀನಳ ಬಲಗಾಲು ಅಂಗಳದ ಕಲ್ಲನ್ನು ಒಮ್ಮೆ ಒತ್ತಿತು.

ಅವಳು ಪಾತ್ರೆ ತೊಳೆಯಲು ನಿಂತಾಗ ಡೆಸ್ ಹಿಂದೆ ಬಂದು ನಿಂತ.

“ಮಾರಾಟ ಆಯ್ತಲ್ಲ. ಇನ್ನೂ ಯಾಕೆ ಮುಖ ಊದಿಸ್ಕೊಂಡಿದೀಯ?”

“ಆಯ್ತು, ಕಾರು ಮಾರಾಟ ಆಯ್ತು. ಡರ್ಬಿಯ ಕಾರಲ್ಲಿ ಎಷ್ಟು ಸೀಟು?”

ಅವನು ಒದ್ದೆ ಟವೆಲ್ಲನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

“ಒಂದು.”

“ಹೋಗಿ ಬಾ. ಬಟ್ಟೆ ಒಗೆಯೋ ಮೆಷಿನ್ನು ಎಲ್ಲಿದೆ ಅಂತ ನಿನಗೂ ಗೊತ್ತು.”

ಡೆಸ್ ಹಿತ್ತಿಲಿಗೆ ಹೋದ. ಕಿಟಕಿಯಿಂದ ಅವಳಿಗೆ ಕಾಣುತ್ತಿತ್ತು. ಖಾಲಿ ಗ್ಯಾರೇಜಿನ ಬಾಗಿಲಲ್ಲಿ ಸ್ವಲ್ಪ ನಿಂತ, ಗಾಜಿನ ಮನೆಗೆ ಹೊಕ್ಕ, ಟೊಮೇಟೊ ಗಿಡಗಳನ್ನು ಆಚೆ ಸರಿಸಿ ಅವಳ ಸೀಟಿನೊಳಕ್ಕೆ ಮೆಲ್ಲಗೆ ಇಳಿದ. ಆಮೇಲೆ ಏಳಲು ನೋಡಿದ. ಸೀಟು ಬಿಡಲಿಲ್ಲ. ಎರಡೂ ಕೈಯೂರಿ ಮತ್ತೆ ನೋಡಿದ. ಇಟ್ಟಿಗೆಗಳು ಅಲುಗಾಡಿದವು, ಸೊಂಟ ಮೇಲೆ ಬರಲಿಲ್ಲ.

“ಪೌಲೀನ್,” ಎಂದು ಕೂಗಿದ.

ಅವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಮುಂದಿನ ಕಪ್ಪನ್ನು ಕೈಗೆತ್ತಿಕೊಂಡಳು.