ಮಲ್ಲಿಗಮ್ಮನ ವರ್ತಮಾನ

"ಇನ್ನೊಸಿ ಎತ್ರಪ್ಪಾ, ಮತ್ತೆ ಎಡಕ್ಕೆ ವಾಲ್ತಾ ಅವ್ಳೆ."

ಗೋಡೆಗೆ ಒರಗಿಸಿ ಕೂರಿಸಿದ್ದ ಮಲ್ಲಿಗಮ್ಮ ಮತ್ತೊಂದು ಸಲ ವಾಲಿದಳು. ಲಿಂಗವಂತರಲ್ಲಿ ಹೆಣವನ್ನು ಮಲಗಿಸುವ ಪದ್ಧತಿಯಿಲ್ಲ; ಕೂತೇ ಹೋಗಬೇಕು, ಕೂತೇ ಮಣ್ಣಾಗಬೇಕು. ಆದರೆ ಬದುಕಿದ್ದಷ್ಟು ಕಾಲವೂ ಒಂದು ಕಡೆ ಕೂರದೆ ಮನೆಯಿಂದ ಮನೆಗೆ ತಿರುಗಿದವಳನ್ನು ಈಗ ಕೂರಿಸುವುದು ಸುಲಭವಾಗಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಸುವರ್ಣಮ್ಮ ಒಂದು ಬಿಳಿಯ ಬಟ್ಟೆ ತಂದು, ಗದ್ದಕ್ಕೆ ಸುತ್ತಿ, ತಲೆಯ ಮೇಲಿಂದ ಎಳೆದು ಗೋಡೆಯ ಗೂಟಕ್ಕೆ ಬಿಗಿದಳು. ಹಣೆಗೂ ತೋಳಿಗೂ ವಿಭೂತಿ ಬಳಿದರು. ಎಡಗೈಯಲ್ಲಿ ಲಿಂಗವಿಟ್ಟರು. ಈಗ ಮಲ್ಲಿಗಮ್ಮ ನೆಟ್ಟಗೆ ಕೂತು, ಬಂದವರನ್ನೆಲ್ಲ "ಯಾಕಿಷ್ಟು ತಡ?" ಎಂದು ಕೇಳುವವಳಂತೆ ಕಂಡಳು.

ನೀಲಾಂಬಿಕೆ ಒಳಬಾಗಿಲ ಪಕ್ಕದಲ್ಲಿ ಹೆಂಗಸರ ಜೊತೆ ನಿಂತಿದ್ದಳು. ಬಸವನಪೇಟೆಯ ಹೆಣ್ಣುಮಕ್ಕಳ ಪ್ರೈಮರಿ ಸ್ಕೂಲಿಗೆ ಅವಳು ಹೆಡ್ ಮಿಸ್ಟ್ರೆಸ್ಸು. ಊರಿನವರ ಬಾಯಲ್ಲಿ ಮೇಷ್ಟ್ರಮ್ಮ. ಹಾಸನದವಳು, ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿದವಳು. ಮಲ್ಲಿಗಮ್ಮ ಅದೇ ಸ್ಕೂಲಿನ 'ಕರೆಯುವವಳು'. ಆಗ ಹೆಣ್ಣುಮಕ್ಕಳ ಸ್ಕೂಲುಗಳಿಗೆ ಸರ್ಕಾರದವರು ಅಂಥವಳೊಬ್ಬಳನ್ನು ಕೊಡುತ್ತಿದ್ದರು. ಬೆಳಿಗ್ಗೆ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆತರಬೇಕು, ಸಂಜೆ ಮನೆಮನೆಗೆ ಮುಟ್ಟಿಸಬೇಕು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಇನ್ನೊಂದು ಕೆಲಸ: ಮುಂದಿನ ವಾರ ಸ್ಕೂಲಿನಲ್ಲಿ ಏನೇನಿದೆ, ಮನೆಯವರು ಏನೇನು ಮರೆಯಬಾರದು ಎಂಬ ವರ್ತಮಾನವನ್ನು ಬೀದಿಬೀದಿಗೆ ಹೇಳಿ ಬರಬೇಕು.

ಇವತ್ತು ಶನಿವಾರ. ವರ್ತಮಾನ ಹೇಳುವವಳು ಗೂಟಕ್ಕೆ ಆತುಕೊಂಡು ಕೂತಿದ್ದಳು.

*

ಮಲ್ಲಿಗಮ್ಮನಿಗೆ ಓದು ಬರುತ್ತಿರಲಿಲ್ಲ. ನೀಲಾಂಬಿಕೆ ಮೇಜಿನ ಹಿಂದೆ ಕೂತು ಒಂದೊಂದಾಗಿ ಹೇಳುವಳು. ಮಲ್ಲಿಗಮ್ಮ ಕಂಬಕ್ಕೊರಗಿ ನಿಂತು ಒಪ್ಪಿಸುವಳು.

"ಸೋಮವಾರ ಸಿಡುಬು ಬಾರದಂತೆ ದೇವಿ ಹಾಕುವವರು ಬರುತ್ತಾರೆ, ಮಕ್ಕಳನ್ನು ಬಚ್ಚಿಡಕೂಡದು. ಬುಧವಾರ ಹೊಲಿಗೆ, ಸೂಜಿದಾರ ಕಳಿಸಬೇಕು. ತಲೆಯ ಹೇನು ತೆಗೆದು ಕಳಿಸಬೇಕು. ಕಂಕುಳ ಕೂಸುಗಳನ್ನು ಹುಡುಗಿಯರ ಕೈಗೆ ಕೊಟ್ಟು ಸ್ಕೂಲಿಗೆ ಅಟ್ಟಕೂಡದು."

ಒಂದು ಶನಿವಾರ ಇಷ್ಟನ್ನೂ ಮಲ್ಲಿಗಮ್ಮ ಒಂದಕ್ಷರ ತಪ್ಪದೆ ಒಪ್ಪಿಸಿ ಹೊರಟಳು. ಅವತ್ತು ನೀಲಾಂಬಿಕೆ ಹೊಳೆಯ ಕಡೆಗೆ ಹೋಗುತ್ತ, ಬೇಲಿಯಾಚೆಯಿಂದ ತನ್ನ ವರ್ತಮಾನ ತನಗೇ ಕೇಳಿಸಿ ನಿಂತಳು.

"ಸ್ವಾಮಾರ ದೇವಿ ಆಕೋನು ಬತ್ತಾನೆ ಕಣವ್ವಾ. ಓದ್ವರ್ಸ ಕೂಸ್ನ ರಾಗಿ ವಾಡೆ ಒಳಗೆ ಬಚ್ಚಿಟ್ಟಿದ್ರಲ್ಲ ಕೆಳಗಲ ಬೀದಿಯೋರು, ಅವ್ರಿಗೇನಾಯ್ತು ಅಂತ ನಾ ಏಳಾಕಿಲ್ಲ. ಮಕ ನೋಡುದ್ರೆ ನಿಮ್ಗೇ ಗೊತ್ತಾಯ್ತದೆ. ಇನ್ನ ಈ ತಲೇಲಿರೋ ಏನು. ನಿಮ್ ಮಗೀದು ಚಿನ್ನದಂಥ ತಲೆ. ಪಕ್ಕದ್ಮನೆ ಉಡುಗಿಯಿಂದ ಅತ್ತಿರಬೇಕು. ಒಸಿ ಬಾಚ್ಬುಡಿ."

ಪಕ್ಕದ ಮನೆಯಲ್ಲೂ ಅದೇ ಹೇನು, ಅದೇ ಚಿನ್ನದ ತಲೆ. ಹತ್ತಿಸಿದವಳು ಮಾತ್ರ ಈಚೆ ಮನೆಯ ಹುಡುಗಿ.

ಸೋಮವಾರ ನೀಲಾಂಬಿಕೆ ಅವಳನ್ನು ಕರೆದು ಗದರಿದಳು. "ನಾನು ಹೇಳಿದ್ದನ್ನಷ್ಟೇ ಹೇಳಬೇಕು, ಮಲ್ಲಿಗಮ್ಮ. ನಿನ್ನದು ಸೇರಿಸಬೇಡ."

"ನೀವ್ ಏಳಿದ್ದೇಯ ಅಮ್ಮಾವ್ರೆ. ನೀವು ಅಕ್ಕಿ ಅಳದು ಕೊಟ್ರಿ, ನಾನು ಅನ್ನ ಮಾಡಿ ಬಡಿಸ್ದೆ. ಬರೀ ಅಕ್ಕೀನ ತಿಂದಾರಾ ಯಾರಾದ್ರೂವೆ?"

ದೇವಿ ಹಾಕಿಸಿಕೊಳ್ಳಲು ಅವತ್ತು ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು.

*

ಮಠದ ಅಯ್ಯನವರು ಇನ್ನೂ ಬಂದಿರಲಿಲ್ಲ. ಅವರು ಬಂದು ತಲೆಯ ಮೇಲೆ ಪಾದವಿಡದೆ ಹೆಣ ಏಳುವಂತಿಲ್ಲ. ಜಗಲಿಯ ಮೇಲೆ ಗಂಡಸರು ಎಲೆಯಡಿಕೆ ಬಿಚ್ಚಿದ್ದರು. ಮಧ್ಯದಲ್ಲಿ ಅಂಗಡಿಯ ಚಂದ್ರಶೇಖರಯ್ಯ. ಹಾಸನದಿಂದ ಪೇಪರು ತರಿಸಿ ಓದುವವರು ಊರಿನಲ್ಲಿ ಅವರೊಬ್ಬರೇ. ಆದ್ದರಿಂದ ಜರ್ಮನಿಯ ಯುದ್ಧದಿಂದ ಹಿಡಿದು ಕಚೇರಿಯ ಕಾನೂನಿನವರೆಗೆ ತಮಗೆ ಗೊತ್ತಿಲ್ಲದ್ದು ಇಲ್ಲ ಎಂದು ಅವರೂ ನಂಬಿದ್ದರು, ಊರನ್ನೂ ನಂಬಿಸಿದ್ದರು.

ಅವರ ಪಕ್ಕಕ್ಕೆ ಮೇಲುಬೀದಿಯ ತಿಮ್ಮಪ್ಪ ಸರಿದು ಕೂತ. ನಾಲ್ಕು ಜೊತೆ ಎತ್ತಿನ ಕುಳ. ಅವನ ಮಗಳು ಪುಟ್ಟತಾಯಿ ಮೂರನೆಯ ಕ್ಲಾಸು ಮುಗಿಸಿದ್ದಳು.

"ಅಲ್ಲ ಸಾವ್ಕಾರ್ರೆ, ಇನ್ಮೇಕೆ ಆ ರೂಲು ಎಂಗೆ? ಇವ್ಳ ಜತೇಲೇ ಓಯ್ತೋ, ಇನ್ನೂ ಐತೋ?"

"ಯಾವ ರೂಲಯ್ಯ?"

"ಅದೇಯ. ಉಡ್ಗೀನ ನಾಕ್ನೇ ಕ್ಲಾಸು ಮುಗಿಯಾಕೆ ಮುಂಚೆ ಇಸ್ಕೂಲು ಬುಡಿಸ್ಬೇಕಾದ್ರೆ, ಅಪ್ಪ ಆದೋನು ನರಸೀಪುರದ ತಾಲೂಕು ಕಚೇರಿಗೆ ಓಗಿ, ಅಮಲ್ದಾರ್ರ ಮುಂದೆ ನಿಂತು, ಯಾಕೆ ಬುಡಿಸ್ತೀನಿ ಅಂತ ಏಳಿ ರುಜು ಆಕ್ಬೇಕು ಅನ್ನೋ ರೂಲು. ಮಲ್ಲಿಗಮ್ಮ ವರ್ಸಕ್ಕೊಂದ್ಸಲ ಮನೆಮನೆಗೆ ಏಳ್ತಿದ್ಲಲ್ಲ."

ಒಳಗೆ ನೀಲಾಂಬಿಕೆಯ ಕಿವಿ ನೆಟ್ಟಗಾಯಿತು. ಸ್ಕೂಲಿಗೆ ಬಂದ ಸರ್ಕ್ಯುಲರುಗಳನ್ನೆಲ್ಲ ದಾರ ಪೋಣಿಸಿ ಕಟ್ಟಿಟ್ಟವಳು ಅವಳು. ಅಂಥ ರೂಲು ಅದರಲ್ಲಿರಲಿಲ್ಲ. ಯಾವ ಸರ್ಕಾರಕ್ಕೂ ಅಂಥದ್ದು ಹೊಳೆದಿರಲಾರದು.

"ಸುವರ್ಣಮ್ಮ," ಎಂದಳು ಮೆಲ್ಲಗೆ, "ಏನಿದು?"

ಸುವರ್ಣಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ನಿಮ್ಗೂ ಗೊತ್ತಿರ್ಲಿಲ್ವಾ! ನಿಮ್ಮ ಹಿಂದಿನ ಅಮ್ಮಾವ್ರ ಕಾಲದಲ್ಲಿ ಹುಡುಗೀರು ತೀರಾ ಕಮ್ಮಿಯಾಗಿ, ಕರೆಯೋಳ ಕೆಲಸ ತೆಗೀತೀವಿ ಅಂತ ಮೇಲಿಂದ ಬಂದಿತ್ತಂತೆ. ಹೊಟ್ಟೆಪಾಡಲ್ಲವಾ? ಆ ಶನಿವಾರ ಹೊರಟೋಳು ಇದೊಂದನ್ನ ಸೇರಿಸ್ಕೊಂಡು ಹೋದಳು."

ಬಸವನಪೇಟೆಯ ಗಂಡಸರಿಗೆ ಹುಲಿಯ ಭಯವಿತ್ತೋ ಇಲ್ಲವೋ ಪರೀಕ್ಷೆಯಾಗಿರಲಿಲ್ಲ. ಕಚೇರಿಯ ಭಯವಂತೂ ಇತ್ತು. ಒಂದು ವಿಷಯಕ್ಕೆಂದು ಅಮಲ್ದಾರರ ಮುಂದೆ ನಿಂತವನನ್ನು ಅವರು ಇನ್ನೊಂದು ವಿಷಯ ಕೇಳದೆ ಬಿಡುವುದಿಲ್ಲ. ಒಬ್ಬನಿಗೆ ಹಳೆಯ ಕಂದಾಯದ ನೆನಪು, ಒಬ್ಬನಿಗೆ ಕದ್ದು ಕಡಿದ ಮರದ ನೆನಪು. ತಿಮ್ಮಪ್ಪ ಕೆರೆಯಂಗಳವನ್ನು ವರ್ಷಕ್ಕೆ ಒಂದೊಂದು ಸಾಲು ಉತ್ತು ಉತ್ತು ತನ್ನ ಹೊಲಕ್ಕೆ ಸೇರಿಸಿಕೊಂಡಿದ್ದ. ಇಷ್ಟೆಲ್ಲ ನೆನಪಿರುವವರು ಮಗಳ ಓದು ನಿಲ್ಲಿಸಲೆಂದು ಅಲ್ಲಿಗೆ ಹೋಗುವುದುಂಟೆ? ಅದಕ್ಕಿಂತ ಹಾಳಾದ ನಾಲ್ಕನೆಯ ಕ್ಲಾಸನ್ನು ಓದಿಕೊಳ್ಳಲಿ.

*

ಹಿಂದಿನ ವರ್ಷ ಇನ್ಸ್‌ಪೆಕ್ಟ್ರೆಸ್ ಬಂದಿದ್ದರು. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಸ್ಕೂಲುಗಳನ್ನೆಲ್ಲ ನೋಡಿ ಬೇಸತ್ತು ಬಂದವರು, ಇಲ್ಲಿಯ ನಾಲ್ಕನೆಯ ಕ್ಲಾಸು ತುಂಬಿರುವುದನ್ನು ಕಂಡು ಬಾಗಿಲಲ್ಲೇ ನಿಂತರು. "ಬೇರೆ ಕಡೆ ಎರಡನೆಯ ಕ್ಲಾಸಿಗೇ ಕರಗಿಹೋಗುತ್ತಾರೆ. ನೀವು ಏನು ಮಾಡುತ್ತೀರಿ?" ಎಂದು ಕೇಳಿದರು. ಹೋಗುವಾಗ ಒಂದು ಮಾತನ್ನೂ ಹೇಳಿದರು: ಸಂಖ್ಯೆ ಇಳಿದ ಸ್ಕೂಲುಗಳನ್ನು ಗಂಡುಮಕ್ಕಳ ಸ್ಕೂಲಿಗೆ ಸೇರಿಸುವ ಯೋಚನೆಯಿದೆ, ನಿಮಗೆ ಆ ಚಿಂತೆಯಿಲ್ಲ. ಹಾಗೆ ಸೇರಿಸಿದರೆ ಬಸವನಪೇಟೆಯ ಒಬ್ಬ ಹುಡುಗಿಯೂ ಹೊಸಿಲು ದಾಟುವುದಿಲ್ಲ ಎಂಬುದು ನೀಲಾಂಬಿಕೆಗೆ ಗೊತ್ತಿತ್ತು.

ಗಾಡಿ ಹೋದ ಮೇಲೆ ಅವಳು ಮಲ್ಲಿಗಮ್ಮನನ್ನು ಕೇಳಿದಳು. "ನೀನೇ ಹೇಳು, ನಮ್ಮಲ್ಲಿ ಮಾತ್ರ ಹುಡುಗಿಯರು ಯಾಕೆ ನಿಲ್ಲುತ್ತಾರೆ?"

ಮಲ್ಲಿಗಮ್ಮ ಗುಡಿಸುವುದನ್ನು ನಿಲ್ಲಿಸದೆ, "ನೀವು ಪಾಟ ಚೆನ್ನಾಗಿ ಏಳ್ತೀರಲ್ಲ ಅಮ್ಮಾವ್ರೆ," ಎಂದಳು.

ನೀಲಾಂಬಿಕೆ ಅದನ್ನು ನಂಬಿದಳು. ನಂಬಿ, ಹಾಸನದಲ್ಲಿದ್ದ ಅಣ್ಣನಿಗೂ ತಿಳಿಸಿದಳು.

*

"ಮೇಷ್ಟ್ರಮ್ಮಾರು ಒಳಗೇ ಅವ್ರಲ್ಲ, ಕೇಳಾನ," ಎಂದು ತಿಮ್ಮಪ್ಪ ಎದ್ದು ಬಾಗಿಲಿಗೆ ಬಂದ. ಒಳಗಿದ್ದ ಹೆಂಗಸರಲ್ಲಿ ತಿಮ್ಮಪ್ಪನ ಹೆಂಡತಿ ಜಯಲಕ್ಷ್ಮಮ್ಮ ತಲೆ ತಗ್ಗಿಸಿದಳು.

"ಅಮ್ಮಾವ್ರೆ, ಸಾವಿನ ಮನೇಲಿ ಕೇಳಬಾರ್ದು. ಆದ್ರೂವೆ ಸ್ವಾಮಾರ ನಮ್ ಪುಟ್ಟತಾಯೀನ ಕರಿಯಾಕೆ ಯಾರೂ ಬರಾಕಿಲ್ವಲ್ಲ. ನಾನೂ ಕಳ್ಸಾದು ಬ್ಯಾಡ ಅಂತಿವ್ನಿ. ಸೊಸೆ ಬಾಣ್ತಿ ಆಗವ್ಳೆ, ಕೂಸು ಎತ್ಕಳಾಕೆ ಆಳಿಲ್ಲ. ಆ ಕಚೇರಿ ರೂಲು ಇರಾದು ದಿಟವಾ?"

ಉತ್ತರ ಹೇಳಲು ಒಂದೇ ಮಾತು ಸಾಕಾಗಿತ್ತು. ಇಲ್ಲ ಎಂದರೆ ಪುಟ್ಟತಾಯಿ ಸೋಮವಾರಕ್ಕೆ ಕೂಸು ಹೊರುವಳು. ತಿಮ್ಮಪ್ಪನ ಹಿಂದೆ ಇಡೀ ಮೇಲುಬೀದಿ ಬರುವುದು. ಜೊತೆಗೆ ಗೂಟಕ್ಕೆ ಕಟ್ಟಿಸಿಕೊಂಡು ಕೂತವಳನ್ನು ಅವಳೆದುರಿಗೇ ಸುಳ್ಳಿ ಎಂದಂತಾಗುವುದು. ಇದೆ ಎಂದರೆ, ಮಾತು ನರಸೀಪುರಕ್ಕೆ ಮುಟ್ಟಿದ ದಿನ ನೀಲಾಂಬಿಕೆಯ ಕೆಲಸ ಹೋಗುವುದು. ಅವಳು ಈವರೆಗೆ ಹಾಜರಿಯಲ್ಲಿ ಒಂದು ಗೀಟನ್ನೂ ಸುಳ್ಳು ಎಳೆದವಳಲ್ಲ.

"ಇದೆ," ಎಂದಳು.

"ಇರ್ಲಿ ಬುಡಿ," ಎಂದ ತಿಮ್ಮಪ್ಪ, ಸಲೀಸಾಗಿ. "ಅಳೇ ಅಮಲ್ದಾರ್ರು ವರ್ಗ ಆದ್ರು. ಒಸಬ್ರಿಗೆ ನನ್ ವಿಷ್ಯ ಏನೂ ಗೊತ್ತಿಲ್ಲ. ನಾಳಿದ್ದೇ ಗಾಡಿ ಕಟ್ಸಿ ಓಗಿ ರುಜು ಒಗದು ಬತ್ತೀನಿ. ನಂಗೇನು ರುಜು ಬರಾಕಿಲ್ವಾ?"

ಇದನ್ನು ನೀಲಾಂಬಿಕೆ ನಿರೀಕ್ಷಿಸಿರಲಿಲ್ಲ. ನಾಳಿದ್ದು ಇವನು ಕಚೇರಿಯಲ್ಲಿ ನಿಂತು ಆ ರೂಲು ಎಲ್ಲಿ ಎಂದು ಕೇಳುತ್ತಾನೆ, ಕಚೇರಿಯೆಲ್ಲ ನಗುತ್ತದೆ. ಅವಳು ಮಲ್ಲಿಗಮ್ಮನ ಕಡೆ ನೋಡಿದಳು. ಮಲ್ಲಿಗಮ್ಮ ಇಂಥ ಹೊತ್ತಿನಲ್ಲಿ ಅಕ್ಕಿಯನ್ನು ಬೇಯಿಸುತ್ತಿದ್ದಳು.

"ನೀವೊಬ್ಬರೇ ಹೋದರೆ ಆಗೋದಿಲ್ಲ ತಿಮ್ಮಪ್ಪನವರೆ. ಈ ವರ್ಷದಿಂದ ತಾಯಿಯೂ ಬರಬೇಕು."

"ನಮ್ ಎಂಗಸ್ರು ಕಚೇರಿಗಾ?"

"ಇಬ್ಬರೂ."

"ಸರಿ ಕಣಿ, ಕರ್ಕಂಡೋಯ್ತೀನಿ. ಒಂದು ಎಬ್ಬೆಟ್ಟು ಒತ್ತಿ ಬತ್ತಾಳೆ."

"ಹೆಬ್ಬೆಟ್ಟು ತಗೊಳ್ಳೋದಿಲ್ಲ. ತಾಯಿ ತನ್ನ ಕೈಯಾರೆ ಹೆಸರು ಬರೆಯಬೇಕು." ಅಷ್ಟು ಹೇಳಿ ಅವಳು ಜಗಲಿಯ ಕಡೆ ತಿರುಗಿದಳು. "ನನ್ನ ಮಾತು ಯಾಕೆ? ಚಂದ್ರಶೇಖರಯ್ಯನವರಿದ್ದಾರೆ. ಕಚೇರಿಯ ವಿಷಯ ಅವರಿಗೆ ತಿಳಿಯದ್ದು ಯಾವುದಿದೆ?"

ಎಲ್ಲರೂ ಚಂದ್ರಶೇಖರಯ್ಯನವರ ಮುಖ ನೋಡಿದರು. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಧಾನ ಮಾಡಿದರು. ಅವರ ಇಬ್ಬರು ಹೆಣ್ಣುಮಕ್ಕಳೂ ಇದೇ ರೂಲಿಗೆ ನಾಲ್ಕನೆಯ ಕ್ಲಾಸು ಮುಗಿಸಿದ್ದರು. ಯಾರನ್ನಾದರೂ ವಿಚಾರಿಸೋಣವೆಂದರೆ, ತಮಗೆ ಗೊತ್ತಿಲ್ಲದ ರೂಲೊಂದಿದೆ ಎಂದು ಒಪ್ಪಿಕೊಂಡಂತಾಗುತ್ತದೆಂದು ಅವರು ವಿಚಾರಿಸಿರಲಿಲ್ಲ.

"ಹೌದೌದು," ಎಂದರು, ಎಲೆ ಮಡಿಸಿ ಬಾಯಿಗಿಟ್ಟುಕೊಂಡು. "ಪೇಪರಿನಲ್ಲಿ ಬಂದಿತ್ತು. ತಾಯಿ ರುಜು. ಬಲು ಬಿಗಿ ಮಾಡಿಬಿಟ್ಟಿದಾರೆ ಈಗ."

ಸುವರ್ಣಮ್ಮ ನೀಲಾಂಬಿಕೆಯ ಮೊಣಕೈ ತಿವಿದು, "ಮಲ್ಲಕ್ಕಂಗೂ ಇದು ಹೊಳೆದಿರಲಿಲ್ಲ ಕಣ್ರಮ್ಮ," ಎಂದಳು ಪಿಸುಮಾತಿನಲ್ಲಿ.

ತಿಮ್ಮಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿದ. ಸೋಲುವ ಆಸಾಮಿಯಲ್ಲ. "ಬರಿಯಾದ್ ತಾನೆ? ಕಲೀಲಿ. ಮಗಳೇ ಕಲಿಸ್ಲಿ, ಮೂರ್ನೇ ಕ್ಲಾಸು ಓದವ್ಳಲ್ಲ. ಇವತ್ತಿಂದ್ಲೇ ಕುಂಡ್ರುಸ್ತೀನಿ. ಇವ್ಳಿಗೆ ಎಸರು ಬರಿಯಾಕೆ ಬಂದ ದಿನಾನೇ ಗಾಡಿ ಕಟ್ತೀನಿ. ಅಲ್ಲೀಗಂಟ ಬೇಕಾದ್ರೆ ಮಗೀನ ಇಸ್ಕೂಲಿಗೆ ಕಳುಸ್ತೀನಿ."

ಅಷ್ಟರಲ್ಲಿ ಅಯ್ಯನವರು ಬಂದರು. ಬಿಸಿಲಿಗೆ ಕಾದ ನೆಲದಲ್ಲಿ ನಡೆದುಬಂದ ಪಾದವನ್ನು ತೊಳೆಸಿಕೊಂಡು, ಮಲ್ಲಿಗಮ್ಮನ ತಲೆಯ ಮೇಲಿಟ್ಟು ಮಂತ್ರ ಹೇಳಿದರು. ಬಿದಿರಿನ ಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಬಾಗಿಲುಗಳಲ್ಲಿ ಹುಡುಗಿಯರು ನಿಂತು ನೋಡಿದರು; ತಮ್ಮನ್ನು ಕರೆಯದೆ ಅವಳು ಆ ಬೀದಿಯಲ್ಲಿ ಹೋದದ್ದು ಅದೇ ಮೊದಲು. ಹೊಳೆದಂಡೆಯ ಗುಣಿಯೊಳಗೆ ಅವಳನ್ನು ಇಳಿಸಿ, ವಿಭೂತಿ ಬಿಲ್ವಪತ್ರೆ ತುಂಬಿ, ಮಣ್ಣೆಳೆದರು. ನೀಲಾಂಬಿಕೆಯೂ ಒಂದು ಹಿಡಿ ಹಾಕಿದಳು. ಅಳು ಬರಲಿಲ್ಲ. ಹೊಸ ಅಮಲ್ದಾರರು ಎಂಥವರೋ ಎಂದು ಯೋಚನೆ ಬಂತು.

*

ಹೊಳೆಯಲ್ಲಿ ಮುಳುಗಿ, ಸೀರೆ ಬದಲಿಸಿ, ಸಂಜೆಗೆ ಅವಳೇ ವರ್ತಮಾನ ಹೇಳಲು ಹೊರಟಳು. ಬೇರೆ ಯಾರಿದ್ದರು? ಮೊದಲನೆಯ ಮನೆಯಲ್ಲಿ, "ಗುರುವಾರ ಇನ್ಸ್‌ಪೆಕ್ಟ್ರೆಸ್ ಬರುತ್ತಾರೆ, ಶುಭ್ರವಾದ ಬಟ್ಟೆ ತೊಡಿಸಿ ಕಳಿಸಬೇಕು," ಎಂದು ಒಪ್ಪಿಸಿದಳು. ಮನೆಯಾಕೆ ಆಕಳಿಸಿದಳು. ಮೂರನೆಯ ಮನೆಯಲ್ಲಿ, "ಎದುರುಮನೆಯವರು ಆಗಲೇ ಲಂಗ ಒಗೆದು ಒಣಗಹಾಕಿದಾರೆ," ಎಂದು ತನಗೇ ತಿಳಿಯದಂತೆ ಸೇರಿಸಿಬಿಟ್ಟಳು. ಮನೆಯಾಕೆ ತಟ್ಟನೆ ಎದ್ದು ಎದುರುಮನೆಯ ಹಗ್ಗದ ಕಡೆ ಕಣ್ಣು ಹಾಯಿಸಿದಳು.

ಮೇಲುಬೀದಿಗೆ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ತಿಮ್ಮಪ್ಪನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಕರೆಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು.

ನಡುಮನೆಯಲ್ಲಿ ಜಯಲಕ್ಷ್ಮಮ್ಮ ಮೊಣಕಾಲ ಮೇಲೆ ಸ್ಲೇಟು ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಪುಟ್ಟತಾಯಿ, ತೊಡೆಯ ಮೇಲೆ ಅಣ್ಣನ ಕೂಸು. ತಾಯಿಯ ಕೈ ಹಿಡಿದು ತಿದ್ದಿಸುವ ಗೋಜಿಗೆ ಮಗಳು ಹೋಗಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಜಯಲಕ್ಷ್ಮಮ್ಮ ಬಳಪವನ್ನು ಸ್ಲೇಟಿನ ಅಂಚಿಗೆ ಉಜ್ಜಿ ಮೊನೆ ಮಾಡಿಕೊಂಡು, ತನ್ನ ಹೆಸರನ್ನು ಮೊದಲಿನಿಂದ ಕೊನೆಯವರೆಗೆ ಬರೆದಳು. ಎಲ್ಲಿಯೂ ತಡವರಿಸಲಿಲ್ಲ. ಒತ್ತಕ್ಷರಗಳು ಒಂದರ ಕೆಳಗೊಂದು ಕುದುರಿ ಕೂತವು. ಎಷ್ಟು ದಿನದ ಅಭ್ಯಾಸವೋ!

ಹಿತ್ತಲ ಕೊಟ್ಟಿಗೆಯಿಂದ ತಿಮ್ಮಪ್ಪ ಕೂಗಿದ: "ಏನಾಯ್ತಮ್ಮೀ, ಬಂತಾ?"

ಜಯಲಕ್ಷ್ಮಮ್ಮ ಬರೆದದ್ದನ್ನು ದೀಪಕ್ಕೆ ಹಿಡಿದು ಒಂದು ಗಳಿಗೆ ನೋಡಿದಳು. ಅಂಗೈಗೆ ಉಗುಳು ಹಚ್ಚಿಕೊಂಡು, ಸ್ಲೇಟನ್ನು ಮೂಲೆಯಿಂದ ಮೂಲೆಗೆ ಒರೆಸಿದಳು.

"ಎಲ್ ಬತ್ತದೆ?" ಎಂದಳು ಗಟ್ಟಿಯಾಗಿ. "ಮೊದ್ಲನೇ ಅಕ್ಸರವೇ ಕೈ ತಿರುಗಾಕಿಲ್ಲ."